ಕಂಪ್ರೆಸರ್ ದೊಡ್ಡದು ಹಾಕೋಕಿಂತ ಮೊದ್ಲು ಸೋಪ್ ನೀರು ಹಿಡೀರಿ

ಪ್ರಶ್ನೆ: ನಮ್ದು ದಾವಣಗೆರೆ ಹತ್ರ ರೈಸ್ ಮಿಲ್ಲು. ಕಪ್ಪಕ್ಕಿ ಗಾಳಿ ಹೊಡೆದು ಬೇರೆ ಮಾಡೋ ಸಾರ್ಟೆಕ್ಸ್ ಮಷಿನ್ನಿಗೆ 15 ಎಚ್‌ಪಿ ಸ್ಕ್ರೂ ಕಂಪ್ರೆಸರ್ ಐತ್ರಿ. ಮಧ್ಯಾಹ್ನದ ಮೇಲೆ ಪ್ರೆಶರ್ ಸಾಲಲ್ಲ, ಕಪ್ಪಕ್ಕಿ ಹಂಗೇ ಒಳ್ಳೇ ಅಕ್ಕಿ ಜೊತೆ ಬರ್ತೈತಿ. ಆಪರೇಟರು ಸೆಟ್ಟಿಂಗ್ ಏರಿಸಿ 8.5 ಕೆಜಿ ಪ್ರೆಶರ್‌ಗೆ ಇಟ್ಟಾನೆ, ಕರೆಂಟ್ ಬಿಲ್ಲೂ ಏರೈತಿ. ಡೀಲರು 20 ಎಚ್‌ಪಿದು ಹಾಕ್ರಿ ಅಂತಾನೆ. ಹಾಕ್ಲಾ?

ಉತ್ತರ: ಈಗ್ಲೇ ಬೇಡ್ರಿ. ಡೀಲರ್ ಅಂದ್ಮೇಲೆ ಮಾರೋದೇ ಅವರ ಕೆಲಸ, ತಪ್ಪೇನಿಲ್ಲ, ಆದ್ರೆ ಈಗಿರೋ ಕಂಪ್ರೆಸರ್ ಗಾಳಿ ಎಲ್ಲಿಗೆ ಹೋಗ್ತಿದೆ ಅಂತ ನೋಡದೆ ದೊಡ್ಡದು ತಂದ್ರೆ ಅದರ ಗಾಳೀನೂ ಅಲ್ಲಿಗೇ ಹೋಗುತ್ತೆ.

ಮಿಲ್ಲು ಬಂದ್ ಇರೋ ದಿನ, ಅಮಾವಾಸ್ಯೆನೋ ಭಾನುವಾರನೋ, ಸಾರ್ಟೆಕ್ಸ್ ವರೆಗೂ ವಾಲ್ವ್ ಎಲ್ಲಾ ಓಪನ್ ಮಾಡಿಟ್ಟು ಬರೀ ಕಂಪ್ರೆಸರ್ ಓಡಿಸ್ರಿ. ಯಾರೂ ಗಾಳಿ ಬಳಸ್ತಿಲ್ಲ ಅಂದ್ರೆ ಒಂದ್ಸಲ ಟ್ಯಾಂಕು ತುಂಬಿ ಅನ್‌ಲೋಡ್ ಆದ್ಮೇಲೆ (ಗಾಳಿ ತುಂಬೋದು ನಿಲ್ಸಿ ಸುಮ್ನೆ ತಿರುಗೋದು) ಅದು ಮತ್ತೆ ಲೋಡ್ (ಗಾಳಿ ತುಂಬೋದು) ತಗೋಬಾರ್ದು, ಆದ್ರೆ ತಗೊಳ್ಳುತ್ತೆ ನೋಡ್ತಿರಿ. ಮೊಬೈಲ್‌ನಲ್ಲಿ ಟೈಮ್ ಹಿಡೀರಿ: ಲೋಡ್‌ನಲ್ಲಿ 2 ನಿಮಿಷ, ಅನ್‌ಲೋಡ್‌ನಲ್ಲಿ 4 ನಿಮಿಷ ಇತ್ತು ಅಂದ್ರೆ 6ಕ್ಕೆ 2, ಅಂದ್ರೆ ನಿಮ್ಮ ಕಂಪ್ರೆಸರ್ ಮಾಡೋ ಗಾಳೀಲಿ ಮೂರನೇ ಒಂದು ಪಾಲು ಸುಮ್ನೆ ಸೋರ್ತಿದೆ. ಮೇಂಟೆನೆನ್ಸ್ ಸರಿಯಾಗಿಲ್ಲದ ಕಡೆ 20ರಿಂದ 30 ಪರ್ಸೆಂಟ್ ಸೋರೋದು ಮಾಮೂಲಿ, 10ರ ಒಳಗಿದ್ರೆ ಪರವಾಗಿಲ್ಲ.

ಸೋರೋ ಜಾಗ ಹುಡುಕೋಕೆ ಸೋಪ್ ನೀರು, ಒಂದು ಬ್ರಷ್ ಸಾಕು. ಮೇನ್ ಪೈಪು ಆಮೇಲೆ ನೋಡಿದ್ರಾಯ್ತು, ಮೊದ್ಲು ನೀಲಿ ಪ್ಲಾಸ್ಟಿಕ್ (ಪಿಯು) ಪೈಪು ಸಿಗಿಸಿರ್ತಾರಲ್ಲ ಆ ಪುಶ್ ಕನೆಕ್ಟರ್‌ಗಳು, ಆಮೇಲೆ ಪ್ರೆಶರ್ ಸೆಟ್ ಮಾಡೋ ರೆಗ್ಯುಲೇಟರ್‌ನ ಬೌಲ್, ಟ್ಯಾಂಕಿನ ಕೆಳಗಿನ ಡ್ರೈನ್. ಎಷ್ಟೋ ಕಡೆ ಟ್ಯಾಂಕಲ್ಲಿ ಸೇರೋ ನೀರು ಬಿಡೋಕೆ ಬೇಜಾರಾಗಿ ಡ್ರೈನ್ ವಾಲ್ವನ್ನ ಸ್ವಲ್ಪ ತೆಗೆದೇ ಇಟ್ಟಿರ್ತಾರೆ, ನೀರಿನ ಜೊತೆ ಗಾಳೀನೂ ಹೊತ್ತು ಮೂಡಿದ್ರಿಂದ ಮುಳುಗೋವರೆಗೂ ಹೋಗ್ತಿರುತ್ತೆ. 7 ಕೆಜಿ ಪ್ರೆಶರ್‌ನಲ್ಲಿ 3 ಎಂಎಂ ತೂತು ಅಂದ್ರೆ ಹೆಚ್ಚುಕಮ್ಮಿ 4 ಕಿಲೋವ್ಯಾಟ್ ಕರೆಂಟ್ ದಂಡ. ದಿನಾ 10 ಗಂಟೆಗೆ 40 ಯೂನಿಟ್, ಬೆಸ್ಕಾಂ ಬಿಲ್ಲಲ್ಲಿರೋ ರೇಟಿಗೆ ನೀವೇ ಗುಣಿಸ್ಕೊಳ್ರಿ.

ಇನ್ನು ಆಪರೇಟರ್ 8.5ಕ್ಕೆ ಏರಿಸಿದ್ದು. 1 ಕೆಜಿ ಏರಿಸಿದ್ರೆ ಕರೆಂಟು 6-7 ಪರ್ಸೆಂಟ್ ಜಾಸ್ತಿ ಎಳೆಯುತ್ತೆ, ಸೋರೋದೂ ಜಾಸ್ತಿ ಆಗುತ್ತೆ. ಪಾಪ ಅವನಿಗೆ ಮುಂದೆ ಅಕ್ಕಿ ಸರಿ ಬರ್ಬೇಕು ಅಷ್ಟೇ. ಮಷಿನ್ ಲೋಡಲ್ಲಿ ಓಡ್ತಿರೋವಾಗ ಟ್ಯಾಂಕಿನ ಗೇಜು, ಸಾರ್ಟೆಕ್ಸ್ ಹತ್ರ ರೆಗ್ಯುಲೇಟರ್‌ಗೆ ಗಾಳಿ ಬರೋ ಕಡೆ ಇರೋ ಪ್ರೆಶರ್, ಎರಡನ್ನೂ ಒಂದೇ ಟೈಮಲ್ಲಿ ನೋಡ್ರಿ. ಮಧ್ಯೆ ಅರ್ಧ ಕೆಜಿಗಿಂತ ಜಾಸ್ತಿ ಬಿದ್ದಿದ್ರೆ ತೊಂದ್ರೆ ಕಂಪ್ರೆಸರ್‌ದಲ್ಲ, ಲೈನ್ ಫಿಲ್ಟರ್ ಕಟ್ಟಿರುತ್ತೆ ಇಲ್ಲಾ ಪೈಪು ಸಣ್ಣದಾಗಿರುತ್ತೆ, 20 ಎಚ್‌ಪಿ ಬಂದ್ರೂ ಅದು ಹಂಗೇ ಇರುತ್ತೆ. ಸೋರೋದು ನಿಲ್ಸಿ, ಫಿಲ್ಟರ್ ಬದಲಾಯಿಸಿದ್ಮೇಲೆ ಸೆಟ್ಟಿಂಗನ್ನ ಕಾಲು ಕಾಲು ಕೆಜಿ ಇಳಿಸ್ತಾ ಬನ್ರಿ, ಅಕ್ಕಿ ಕೆಡೋಕೆ ಶುರುವಾದ ಕಡೆ ಸ್ವಲ್ಪ ಏರಿಸಿ ನಿಲ್ಸಿ.

ಮಧ್ಯಾಹ್ನನೇ ಯಾಕೆ ಅಂದ್ರೆ ಕಂಪ್ರೆಸರ್ ರೂಮ್ ಬಾಗಿಲು ತೆಗೆದು ನೋಡ್ರಿ. ಅದು ತಿನ್ನೋ ಕರೆಂಟಲ್ಲಿ ಹೆಚ್ಚಿನ ಪಾಲು ಬಿಸಿಯಾಗೇ ಹೊರಗೆ ಬರೋದು, ಆ ಬಿಸಿಗಾಳೀನ ರೂಮಿಂದಾಚೆಗೆ ಬಿಡದಿದ್ರೆ ಅದನ್ನೇ ತಿರುಗಿ ಎಳ್ಕೊಳ್ಳುತ್ತೆ. ಎಳ್ಕೊಳ್ಳೋ ಗಾಳಿ 4 ಡಿಗ್ರಿ ಬಿಸಿಯಾದ್ರೆ ಕರೆಂಟ್ 1 ಪರ್ಸೆಂಟ್ ಜಾಸ್ತಿ, ಅದೊಂದೇ ಆದ್ರೆ ಅಂಥ ದೊಡ್ಡದಲ್ಲ, ಆದ್ರೆ ರೈಸ್ ಮಿಲ್ಲಲ್ಲಿ ತೌಡಿನ ಧೂಳು ಸಕ್ಷನ್ ಫಿಲ್ಟರ್‌ಗೆ ಎಣ್ಣೆ ಜಿಡ್ಡಿನ ಹಂಗೆ ಅಂಟ್ಕೊಂಡು ಉಸಿರೇ ಕಟ್ಟಿಸುತ್ತೆ. ಬಿಸಿ ಜಾಸ್ತಿ ಆದ್ರೆ ಗಾಳಿಯಿಂದ ನೀರು ತೆಗೆಯೋ ಡ್ರೈಯರೂ ಸರಿ ಕೆಲಸ ಮಾಡಲ್ಲ, ನೀರು ಸಾರ್ಟೆಕ್ಸ್‌ನಲ್ಲಿ ಗಾಳಿ ಹೊಡೆಯೋ ಇಜೆಕ್ಟರ್ ವರೆಗೂ ಹೋಗಿ ಅದು ಸಿಕ್ಕಾಕ್ಕೊಳ್ಳುತ್ತೆ, ನಾವು ಮಾತ್ರ ಪ್ರೆಶರ್ ಸಾಲಲ್ಲ ಅಂತಿರ್ತೀವಿ. ಬಿಸಿಗಾಳಿಗೆ ತಗಡಿನ ಡಕ್ಟ್ ಮಾಡ್ಸಿ ಗೋಡೆ ಆಚೆಗೆ ಬಿಡ್ರಿ.

ಇಷ್ಟೆಲ್ಲಾ ಮಾಡಿದ್ಮೇಲೂ ಕಂಪ್ರೆಸರ್ ಪೂರ್ತಿ ಲೋಡಲ್ಲೇ ಓಡ್ತಾ ಪ್ರೆಶರ್ ಬೀಳ್ತಿದ್ರೆ ಆಗ ಡೀಲರ್‌ಗೆ ಫೋನ್ ಮಾಡ್ರಿ.

ಪ್ರಶ್ನೆ: ಚಿತ್ರದುರ್ಗದಿಂದ ಬರೀತಿದೀನಿ. ಅನ್‌ಲೋಡ್‌ನಲ್ಲಿದ್ದಾಗ ಕಂಪ್ರೆಸರ್ ಕರೆಂಟ್ ತಗೊಳಲ್ಲ ಅಂತಾರೆ, ಊಟಕ್ಕೆ ಹೋದಾಗ ಆಫ್ ಮಾಡ್ಬೇಕಾ?

ಉತ್ತರ: ತಗೊಳುತ್ತೆ. ಸ್ಕ್ರೂ ಕಂಪ್ರೆಸರ್ ಆದ್ರೆ ಗಾಳಿ ಮಾಡದೆ ಸುಮ್ನೆ ತಿರುಗೋಕೇ ಫುಲ್ ಲೋಡಿನ ಕಾಲು ಭಾಗದಿಂದ ಮೂರನೇ ಒಂದು ಭಾಗ ಬೇಕು. ಆಫ್ ಮಾಡ್ರಿ, ಹೊರಗೆ ಹೋಗುವಾಗ ಟ್ಯಾಂಕಿನ ಔಟ್‌ಲೆಟ್ ವಾಲ್ವೂ ಬಂದ್ ಮಾಡ್ರಿ. ಟಾಂಗ್ ಟೆಸ್ಟರ್ ಹಾಕಿ ಆಂಪ್ಸ್ ನೋಡಿ ಲೆಕ್ಕ ಹಾಕ್ಬೇಡಿ, ಕಮ್ಮಿ ಲೋಡಲ್ಲಿ ಪವರ್ ಫ್ಯಾಕ್ಟರ್ (ಎಳೆದ ಕರೆಂಟಲ್ಲಿ ನಿಜವಾಗಿ ಕೆಲಸಕ್ಕೆ ಬರೋ ಪಾಲು) ಬಿದ್ದಿರುತ್ತೆ, ಆಂಪ್ಸ್ ಜಾಸ್ತಿನೇ ತೋರ್ಸುತ್ತೆ. ಕಿಲೋವ್ಯಾಟ್ ತೋರ್ಸೋ ಮೀಟರ್ ಹಾಕ್ಸಿ ನೋಡ್ರಿ.

ಪ್ರಶ್ನೆ: ಹರಿಹರದಲ್ಲಿ ಲೇತ್ ವರ್ಕ್‌ಶಾಪ್ ಇದೆ. ಹುಡುಗರು ಸಂಜೆ ಏರ್ ಗನ್ನಲ್ಲೇ ಬಟ್ಟೆ ಧೂಳು ಹೊಡ್ಕೊಂಡು ಮನೆಗೆ ಹೋಗ್ತಾರೆ. ಬೈದ್ರೆ ಗಾಳಿಗೇನು ದುಡ್ಡಾ ಅಂತಾರೆ.

ಉತ್ತರ: ದುಡ್ಡೇ. ಅದಕ್ಕಿಂತ ಹೆಚ್ಚಾಗಿ, ಚೂರು ಕಬ್ಬಿಣ ಕಣ್ಣಿಗೆ ಹಾರುತ್ತೆ, ಗಾಯ ಇರೋ ಕಡೆ ಗನ್ ಇಟ್ರೆ ಗಾಳಿ ಚರ್ಮದೊಳಗೇ ಹೋಗುತ್ತೆ, ಜೀವಕ್ಕೇ ಅಪಾಯ. ಬಟ್ಟೆಗೆ ಬ್ರಷ್ ಕೊಡ್ಸಿ, ಗನ್ನನ್ನ ಸಂಜೆ 5ಕ್ಕೆ ಬಿಚ್ಚಿ ಬೀರೂಲಿ ಇಟ್ಟು ಬೀಗ ಹಾಕ್ರಿ.