ಗರಸು ನೆಲಕ್ಕೆ ಬಾರಿಹಣ್ಣು: ಸಸಿ ಬೇಡ, ಬೀಜ ಊರಿ

ಪ್ರಶ್ನೆ: ಕುಷ್ಟಗಿ ಕಡೆ ನಮ್ಮದು ಮೂರು ಎಕರೆ ಮಸಾರಿ ಹೊಲ. ಒಂದೂವರೆ ಅಡಿ ಕೆಳಗೆ ಬರೀ ಗರಸು, ಅಂದರೆ ಗಟ್ಟಿ ಕಲ್ಲುಮಣ್ಣು. ಬೋರ್ ಬತ್ತಿದೆ. ಸಜ್ಜೆ, ಶೇಂಗಾ ಹಾಕಿ ಹಾಕಿ ಸಾಕಾಗಿದೆ. ಬಾರಿ (ಬೋರೆ, ಎಲಚಿ), ಸೀತಾಫಲ, ಕವಳಿ ಹಚ್ಚು ಅಂತಾರೆ. ಆ್ಯಪಲ್ ಬಾರಿ ಸಸಿ ಮಾರುವವರು ಮನೆಗೇ ಬಂದಿದ್ದರು. ಏನು ಮಾಡಲಿ?

ಉತ್ತರ: ಆ್ಯಪಲ್ ಬಾರಿ ಸದ್ಯಕ್ಕೆ ಬೇಡ. ಕಾಯಿ ದಪ್ಪ, ನೋಡಲು ಚೆಂದ, ನಿಜ. ಆದರೆ ಆ ಗಾತ್ರ ಬರಬೇಕಾದರೆ ನೀರು ಕೊಡಬೇಕು. ನಿಮ್ಮಲ್ಲಿ ಅದೇ ಇಲ್ವಲ್ಲ! ಮಳೆ ನಂಬಿ ಬೆಳೆಯಲು ಗೋಲಾ, ಉಮ್ರಾನ್ ತಳಿ ವಾಸಿ. ಗೋಲಾ ಬೇಗ ಹಣ್ಣಾಗುತ್ತದೆ, ಉಮ್ರಾನ್ ತಡ. ಎರಡೂ ಇದ್ದರೆ ಸಂತೆಗೆ ಒಂದೇ ಸಲ ರಾಶಿ ಹೊರುವ ಪಾಡು ತಪ್ಪುತ್ತದೆ.

ತಳಿಗಿಂತ ಮುಖ್ಯ ಬೇರು. ಬಹಳ ದಿನ ಚೀಲದಲ್ಲೇ ಉಳಿದ ಸಸಿಯ ತಾಯಿಬೇರು ತಳ ಮುಟ್ಟಿ ಸುರುಳಿ ಸುತ್ತಿಕೊಂಡಿರುತ್ತದೆ. ಅಂಥದ್ದು ಗರಸಿನಲ್ಲಿ ಕೆಳಗಿಳಿಯುವುದು ಕಷ್ಟ. ಅದಕ್ಕೇ ಕಾಡು ಬಾರಿಯ ಬೀಜವನ್ನು ಗುಂಡಿಯಲ್ಲೇ ಊರಿ, ಅಲ್ಲೇ ಅದಕ್ಕೆ ಗೋಲಾ, ಉಮ್ರಾನ್ ಕಸಿ ಕಟ್ಟಿಸಿ.

20 ಅಡಿಗೊಂದು ಗುಂಡಿ ಹಿಡಿದರೆ ಎಕರೆಗೆ 108 ಗಿಡ. ಗುಂಡಿ ಉದ್ದ, ಅಗಲ, ಆಳ ಎರಡೆರಡು ಅಡಿ. ತಳದ ಗರಸನ್ನು ಹಾರೆಯಿಂದ ಇನ್ನೊಂದು ಅಡಿ ಸಡಿಲ ಮಾಡಿ. ಮೇಲ್ಮಣ್ಣಿಗೆ ಎರಡು ಪುಟ್ಟಿ ತಿಪ್ಪೆಗೊಬ್ಬರ, ಸಿಕ್ಕರೆ ಕೆರೆ ಹೂಳು ಬೆರೆಸಿ ತುಂಬಿ.

ಬೀಜವನ್ನು ಗಟ್ಟಿ ಉಪ್ಪು ನೀರಿಗೆ ಹಾಕಿ. ತೇಲಿದ್ದು ಜೊಳ್ಳು, ಬಿಸಾಡಿ. ಮುಳುಗಿದ್ದನ್ನು ತೊಳೆದು, ಚಿಪ್ಪಿಗೆ ಸುತ್ತಿಗೆಯಿಂದ ಮೆಲ್ಲಗೆ ಏಟು ಕೊಡಿ. ಒಳಗಿನ ತಿರುಳಿಗೆ ಪೆಟ್ಟಾಗಬಾರದು. ಹೀಗೆ ಬಿಡಿಸಿದ ಬೀಜ ವಾರದ ಆಸುಪಾಸಿನಲ್ಲಿ ಮೊಳೆಯುತ್ತದೆ. ಚಿಪ್ಪಿದ್ದರೆ ಮೂರು ನಾಲ್ಕು ವಾರ ಕಾಯಬೇಕು. ಜೂನ್ ಮಳೆಗೆ ಗುಂಡಿಗೆ ಮೂರು ನಾಲ್ಕು ಬೀಜ ಹಾಕಿ, ಗಟ್ಟಿ ಗಿಡ ಒಂದನ್ನೇ ಉಳಿಸಿ. ಮೊದಲ ಎರಡು ಬೇಸಿಗೆ ಹತ್ತು ಹದಿನೈದು ದಿನಕ್ಕೊಂದು ಸಲ ಬುಡಕ್ಕೆ ಕೊಡ ನೀರು ಹೊರಲೇಬೇಕು, ಅದಕ್ಕೆ ರಿಯಾಯಿತಿ ಇಲ್ಲ. ಮರುವರ್ಷ ಜುಲೈ ಹೊತ್ತಿಗೆ ಕಾಂಡ ಪೆನ್ಸಿಲ್ ದಪ್ಪ ಆಗಿರುತ್ತದೆ. ಆಗ ಕಣ್ಣು ಕಸಿ ಮಾಡಿಸಿ, ಅಂದರೆ ಬೇಕಾದ ತಳಿಯ ಮೊಗ್ಗನ್ನು ಕಾಂಡದ ತೊಗಟೆಯೊಳಗೆ ಕೂರಿಸಿ ಕಟ್ಟುವುದು. ಕಸಿಯ ಕೆಳಗೆ ಚಿಗುರು ಬಂದರೆ ಅದು ಕಾಡು ಬಾರಿಯದ್ದು. ಎಲೆ ಸಣ್ಣ, ಮುಳ್ಳು ಜಾಸ್ತಿ. ಕಂಡ ಕೂಡಲೇ ಚಿವುಟಿ, ಇಲ್ಲದಿದ್ದರೆ ಕಸಿ ಒಣಗಿ ಕಾಡು ಗಿಡವೇ ಉಳಿಯುತ್ತದೆ.

ಮರ ದೊಡ್ಡದಾದ ಮೇಲೆ ಪ್ರತಿ ವರ್ಷ ಏಪ್ರಿಲ್–ಮೇ ತಿಂಗಳಲ್ಲಿ, ಎಲೆ ಉದುರಿದಾಗ, ಹಳೆ ಕೊಂಬೆ ಸವರಬೇಕು. ಹೂವು ಬರುವುದು ಹೊಸ ಚಿಗುರಿನಲ್ಲಿ. ಕೈ ಬರುವುದಿಲ್ಲ ಅಂತ ಬಿಟ್ಟರೆ ಕಾಯಿ ಸಣ್ಣಗಾಗುತ್ತದೆ. ಹಣ್ಣು ನೊಣದ ಹುಳು ಕಾಯಿಯಿಂದ ಮಣ್ಣಿಗಿಳಿದು ಕೋಶ ಕಟ್ಟುತ್ತದೆ. ಉದುರಿದ ಕಾಯಿ ಆರಿಸಿ ನಾಶ ಮಾಡಿ, ಬೇಸಿಗೆಯಲ್ಲಿ ಬುಡದ ಮಣ್ಣು ತಿರುವಿ ಹಾಕಿ.

ಸೀತಾಫಲವನ್ನು ಅರ್ಧ ಎಕರೆಗಿಂತ ಹೆಚ್ಚು ಹಚ್ಚಬೇಡಿ. ಎಲೆಯನ್ನು ಆಡು ಮುಟ್ಟುವುದಿಲ್ಲ, ಅದೊಂದು ದೊಡ್ಡ ನೆಮ್ಮದಿ. ಆದರೆ ಕಿತ್ತ ಮೂರು ನಾಲ್ಕು ದಿನಕ್ಕೇ ಹಣ್ಣು ಮೆತ್ತಗಾಗುತ್ತದೆ, ವ್ಯಾಪಾರಿ ಹೇಳಿದ ರೇಟಿಗೇ ಕೊಡಬೇಕು. ಬಾಳಾನಗರ ತಳಿ ಸಾಕು. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಸಹನ್ ತಳಿಯ ಹಣ್ಣು ಬಲು ರುಚಿ, ಬೀಜವೂ ಕಡಿಮೆ. ಆದರೆ ಅದಕ್ಕೆ ಕೈಯಿಂದ ಪರಾಗ ಮುಟ್ಟಿಸುವ ಕೆಲಸ ಇದೆ.

ಕವಳಿಯನ್ನು ಬದುವಿನ ಸುತ್ತ ನಾಲ್ಕಡಿಗೊಂದರಂತೆ ಹಚ್ಚಿ. ಮುಳ್ಳು ಬೇಲಿ ಆಯ್ತು, ಉಪ್ಪಿನಕಾಯಿಗೂ ಆಯ್ತು.

ಪ್ರಶ್ನೆ: ಹಿರಿಯೂರಿನ ಹತ್ತಿರ ನಮ್ಮ ನೆಲ್ಲಿ ತೋಟಕ್ಕೆ ಐದು ವರ್ಷ. ಎಲ್ಲ ಎನ್‌ಎ-7 ತಳಿ. ಮಾರ್ಚ್‌ನಲ್ಲಿ ಮೈತುಂಬ ಹೂವು, ಮೇನಲ್ಲಿ ಒಂದು ಕಾಯೂ ಕಾಣಲ್ಲ. ಕಡಿದುಬಿಡಲೇ?

ಉತ್ತರ: ಸ್ವಲ್ಪ ತಡೆಯಿರಿ. ನೆಲ್ಲಿಯಲ್ಲಿ ವಸಂತದಲ್ಲಿ ಕಚ್ಚಿದ ಕಾಯಿ ಬೇಸಿಗೆಯಿಡೀ ಬೆಳೆಯದೆ ಸುಮ್ನೆ ಕೂರುತ್ತದೆ. ಕಡ್ಡಿಗೆ ಅಂಟಿದ ಕಾಳಿನಷ್ಟೇ ಇರುತ್ತದೆ, ಕಣ್ಣಿಗೆ ಬೀಳುವುದಿಲ್ಲ. ಮಳೆ ಬಿದ್ದ ಮೇಲೆ ಉಬ್ಬುತ್ತದೆ. ಆಗಸ್ಟ್‌ನಲ್ಲೂ ಬರಿದಾಗಿದ್ದರೆ, ತೋಟದಲ್ಲಿ ಒಂದೇ ತಳಿ ಇರುವುದೇ ತೊಂದರೆ. ನೆಲ್ಲಿ ತನ್ನದೇ ಪರಾಗಕ್ಕೆ ಸರಿಯಾಗಿ ಕಾಯಿ ಕಟ್ಟುವುದಿಲ್ಲ. ಹತ್ತಕ್ಕೊಂದು ಮರ ಕತ್ತರಿಸಿ, ಬಂದ ಚಿಗುರಿಗೆ ಕೃಷ್ಣಾ ಅಥವಾ ಕಾಂಚನ್ ತಳಿಯ ಕಣ್ಣು ಕಟ್ಟಿಸಿ. ಹೂವು ಇರುವಾಗ ನೀರು ಬಿಡಬೇಡಿ.