ಬೋರ್ಡಿನಲ್ಲಿ "ಕ್ಲಿನಿಕಲ್ ಸೈಕಾಲಜಿಸ್ಟ್" ಎಂದು ಹಾಕಬಹುದೇ?

ಎಂ.ಎಸ್‌ಸಿ. ಕೌನ್ಸೆಲಿಂಗ್ ಸೈಕಾಲಜಿ ಮುಗಿಸಿ ಸ್ವಂತ ಕೊಠಡಿ ತೆರೆಯುತ್ತಿದ್ದೀರಿ, ಹಾಗೆ ಹಾಕಬಹುದೇ ಎಂದು ಕೇಳಿದ್ದೀರಿ. ಬೇಡ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದರೆ ಮಾನಸಿಕ ಕಾಯಿಲೆಗಳನ್ನು ಗುರುತಿಸಿ ಔಷಧವಿಲ್ಲದೆ ಚಿಕಿತ್ಸೆ ನೀಡುವವರು; ಆ ಹೆಸರು ಭಾರತೀಯ ಪುನರ್ವಸತಿ ಮಂಡಳಿಯಲ್ಲಿ (ಆರ್‌ಸಿಐ) ನೋಂದಣಿ ಇರುವವರದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ಮಂಡಳಿ ಮಾನ್ಯ ಮಾಡಿದ ಅರ್ಹತೆಯನ್ನೇ ಕೇಳುತ್ತದೆ. ಆ ಅರ್ಹತೆ ಎಂ.ಫಿಲ್. ದಾರಿಯಲ್ಲಿ ಬಂದದ್ದಾದರೆ, ಅದರ ಹಿಂದೆ ಮೇಲ್ವಿಚಾರಣೆಯಲ್ಲಿ ಪೂರ್ಣಾವಧಿ 2 ವರ್ಷದ ತರಬೇತಿ ಇರುತ್ತದೆ. ನೋಂದಣಿಯಿಲ್ಲದೆ ಆ ಕೆಲಸ ಮಾಡಿದರೆ 1992ರ ಆರ್‌ಸಿಐ ಕಾಯ್ದೆಯಡಿ 1 ವರ್ಷದವರೆಗೆ ಜೈಲು ಆಗಬಹುದು.

"ಆಪ್ತಸಮಾಲೋಚಕಿ, ಎಂ.ಎಸ್‌ಸಿ. (ಕೌನ್ಸೆಲಿಂಗ್ ಸೈಕಾಲಜಿ)" ಎಂದು ಬರೆಸಿ. ಇದು ಕಡಿಮೆ ಹೆಸರೆಂದು ದಯವಿಟ್ಟು ಭಾವಿಸಬೇಡಿ. ದಾಂಪತ್ಯದ ಬಿರುಕು, ಪರೀಕ್ಷಾ ಭಯ, ಸಾವಿನ ದುಃಖ, ಇವೆಲ್ಲ ನಿಮ್ಮ ತರಬೇತಿಯ ಕೆಲಸವೇ. ಪಿಎಚ್‌.ಡಿ. ಇಲ್ಲದೆ "ಡಾ." ಮಾತ್ರ ಸೇರಿಸಬೇಡಿ, ಬಂದವರು ಮಾತ್ರೆ ಬರೆದುಕೊಡಿ ಎನ್ನುತ್ತಾರೆ, ಅದು ನಿಮ್ಮಿಂದ ಆಗದು.

ಹೆಸರಿಗಿಂತ ಹೆಚ್ಚು ಎಡವುವುದು ಒಪ್ಪಿಗೆ ಪತ್ರದಲ್ಲಿ. ನಿಮ್ಮ ವಿದ್ಯಾರ್ಹತೆ, ಶುಲ್ಕ, ಗೋಪ್ಯತೆ ಮತ್ತು ಅದರ ಮಿತಿ (ಜೀವಕ್ಕೆ ಅಪಾಯವಿದ್ದರೆ ಮನೆಯವರಿಗೆ ತಿಳಿಸಬೇಕಾಗುತ್ತದೆ), ನೀವು ಏನು ಮಾಡುವುದಿಲ್ಲ ಎಂಬುದು, ಎಲ್ಲವೂ ಕನ್ನಡದಲ್ಲಿ ಒಂದು ಪುಟದೊಳಗಿರಲಿ. ಮೊದಲ ಭೇಟಿಯಲ್ಲೇ ಓದಿ ಹೇಳಿ ಸಹಿ ಪಡೆಯಿರಿ. ಭ್ರಮೆ, ಆತ್ಮಹತ್ಯೆಯ ಯೋಚನೆ, ದಿನಗಟ್ಟಲೆ ನಿದ್ದೆಯಿಲ್ಲದಿರುವುದು ಕಂಡರೆ ಕಳಿಸಲು ಒಬ್ಬ ಮನೋವೈದ್ಯರನ್ನು ಬಾಗಿಲು ತೆರೆಯುವ ಮುಂಚೆಯೇ ಗೊತ್ತುಮಾಡಿಕೊಳ್ಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416 ಅದೇ ಪುಟದಲ್ಲಿರಲಿ.