ಸ್ಕ್ರಿಪ್ಟ್ ತುಂಬುವ ಪಟ್ಟಿಯನ್ನು ಸ್ಥಿರ ಎಚ್‌ಟಿಎಂಎಲ್‌ಗೆ ತರುವುದು ಹೇಗೆ?

ಪ್ರಶ್ನೆ: ನಮ್ಮ ಗ್ರಂಥಾಲಯದ ಜಾಲತಾಣದಲ್ಲಿ 200 ಪುಸ್ತಕಗಳ ಪಟ್ಟಿಯಿದ್ದು, ಪುಟ ತೆರೆದಾಗ ಜಾವಾಸ್ಕ್ರಿಪ್ಟ್ ಅದನ್ನು ಕೋಷ್ಟಕವಾಗಿ ತುಂಬುತ್ತದೆ. ಹೊಸ ಹೆಸರು ಸೇರಿಸುವಾಗ ಒಂದು ಅಲ್ಪವಿರಾಮ ಬಿಟ್ಟುಹೋಗಿ ಇಡೀ ಪಟ್ಟಿಯೇ ಮಾಯವಾಯಿತು. ಇದನ್ನು ಸ್ಥಿರ ಎಚ್‌ಟಿಎಂಎಲ್‌ಗೆ (ಪಟ್ಟಿಯನ್ನು ಪುಟದ ಫೈಲಿನಲ್ಲೇ ಬರೆದಿಡುವ ರೀತಿಗೆ) ಬದಲಾಯಿಸಿದರೆ ಹುಡುಕುವ ಸೌಲಭ್ಯ ಉಳಿಯುವುದೇ?

ಉತ್ತರ: ಉಳಿಯುತ್ತದೆ, ಮತ್ತು ನೀವು ಬದಲಾಯಿಸಲೇಬೇಕು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಯಾರು ತೆರೆದರೂ ಒಂದೇ ಆಗಿರುವ ಪಟ್ಟಿಯನ್ನು ಪ್ರತಿಯೊಬ್ಬ ಓದುಗರ ಬ್ರೌಸರ್‌ನಲ್ಲೂ ಹೊಸದಾಗಿ ಕಟ್ಟಿಸಬೇಕಾದ ಕಾರಣವೇ ಇಲ್ಲ.

ಪುಟದ ಮೂಲ ಬರಹವನ್ನು ತೋರಿಸುವ ‘ವ್ಯೂ ಪೇಜ್ ಸೋರ್ಸ್’ ತೆರೆದು ನೋಡಿದರೆ ಪುಸ್ತಕಗಳಿರಬೇಕಾದ ಜಾಗದಲ್ಲಿ ಒಂದು ಖಾಲಿ ಡಿವ್ (ಪುಟದ ಒಂದು ಭಾಗವನ್ನು ಗುರುತಿಸುವ ಟ್ಯಾಗ್) ಮಾತ್ರ ಕಾಣುತ್ತದೆ; ಸ್ಕ್ರಿಪ್ಟ್ ಫೈಲ್ ಇಳಿದು, ಬ್ರೌಸರ್ ಅದನ್ನು ಓದಿಕೊಂಡು, ಚಲಾಯಿಸಿದ ಮೇಲಷ್ಟೇ ಪಟ್ಟಿ ಮೂಡುತ್ತದೆ. ವಾಕ್ಯರಚನೆಯ ಒಂದೇ ಒಂದು ದೋಷವಿದ್ದರೂ ಬ್ರೌಸರ್ ಆ ಫೈಲಿನ ಒಂದು ಸಾಲನ್ನೂ ಚಲಾಯಿಸುವುದಿಲ್ಲ. ನಿಮಗೆ ಆದದ್ದು ಇದೇ. ಎಚ್‌ಟಿಎಂಎಲ್ ಇಷ್ಟು ಕಠಿಣವಲ್ಲ: ಕೋಷ್ಟಕದ ಮಧ್ಯೆ ಒಂದು ಮನೆಯನ್ನು ಗುರುತಿಸುವ ಟಿಡಿ ಟ್ಯಾಗನ್ನು ಮುಚ್ಚಲು ಮರೆತರೂ ಬ್ರೌಸರ್ ತಾನೇ ಮುಚ್ಚಿಕೊಂಡು ಮುಂದಿನ ಮನೆಗೆ ಹೋಗುತ್ತದೆ, ಪುಟ ಪೂರ್ತಿ ಇಳಿಯುವ ಮೊದಲೇ ಬಂದಷ್ಟನ್ನು ತೋರಿಸತೊಡಗುತ್ತದೆ. ಗೂಗಲ್ ಶೋಧಕವು ಸ್ಕ್ರಿಪ್ಟನ್ನು ಚಲಾಯಿಸಿ ನೋಡುತ್ತದಾದರೂ ಆ ಕೆಲಸವನ್ನು ಪ್ರತ್ಯೇಕ ಸರತಿಯಲ್ಲಿಟ್ಟು ಮಾಡುತ್ತದೆ.

ಹುಡುಕುವ ಪೆಟ್ಟಿಗೆ ಖಾಲಿಯಿರುವಾಗ ‘ಇನ್‌ಸ್ಪೆಕ್ಟ್’ ತೆರೆದು, ಟೇಬಲ್ ಟ್ಯಾಗಿನ ಮೇಲೆ ಬಲಗುಂಡಿ ಒತ್ತಿ, ‘ಕಾಪಿ ಔಟರ್ ಎಚ್‌ಟಿಎಂಎಲ್’ ಆಯ್ದುಕೊಂಡು, ಸಿಕ್ಕಿದ್ದನ್ನು ಮೂಲ ಫೈಲಿನ ಖಾಲಿ ಡಿವ್‌ನೊಳಗೆ ಅಂಟಿಸಿ. ಕೂಡಲೇ ಸ್ಕ್ರಿಪ್ಟಿನಲ್ಲಿ ಕೋಷ್ಟಕ ತುಂಬುವ ಭಾಗವನ್ನು ಅಳಿಸಬೇಕು. ಇಲ್ಲವಾದರೆ ಪಟ್ಟಿ ಎರಡೆರಡು ಬಾರಿ ಕಾಣಿಸಿಕೊಳ್ಳಬಹುದು. ಹೀಗೆ ನಕಲಾಗುವುದು ರಚನೆ ಮತ್ತು ಪಠ್ಯ ಮಾತ್ರ. ಆಡ್‌ಇವೆಂಟ್‌ಲಿಸನರ್ ಎಂಬ ಜಾವಾಸ್ಕ್ರಿಪ್ಟ್ ಆದೇಶದ ಮೂಲಕ ಗುಂಡಿಗಳಿಗೆ ಜೋಡಿಸಿದ ಕೆಲಸಗಳಾಗಲಿ, ಕ್ಯಾನ್ವಾಸ್ (ಸ್ಕ್ರಿಪ್ಟ್ ಚಿತ್ರ ಬಿಡಿಸುವ ಜಾಗ) ಮೇಲೆ ಬಿಡಿಸಿದ ಚಿತ್ರವಾಗಲಿ ಅದರೊಂದಿಗೆ ಬರುವುದಿಲ್ಲ. ಆದ್ದರಿಂದ ಹುಡುಕುವ ಸ್ಕ್ರಿಪ್ಟನ್ನು ಉಳಿಸಿಕೊಂಡು, ಅದು ಸ್ಕ್ರಿಪ್ಟಿನೊಳಗಿದ್ದ ಹಳೆಯ ಪಟ್ಟಿಯ (ಅರೇ) ಬದಲಿಗೆ ಪುಟದಲ್ಲೇ ಇರುವ ಸಾಲುಗಳನ್ನು ಓದಿ, ಹೊಂದದ ಸಾಲುಗಳಿಗೆ ಮರೆಮಾಡುವ ‘ಹಿಡನ್’ ಗುಣವನ್ನು ಹಚ್ಚುವಂತೆ ತಿದ್ದಿ. ಮುಂದೆಂದಾದರೂ ಆ ಸ್ಕ್ರಿಪ್ಟ್ ಕೆಟ್ಟರೆ ಹುಡುಕಾಟ ನಿಲ್ಲುತ್ತದೆಯೇ ಹೊರತು ಪುಸ್ತಕಗಳು ಕಣ್ಮರೆಯಾಗುವುದಿಲ್ಲ.

ಕನ್ನಡದ ಹೆಸರುಗಳು ಕೆಡದಿರಬೇಕಾದರೆ ಫೈಲನ್ನು ಯುಟಿಎಫ್-8 ಎಂಬ ಅಕ್ಷರ ಸಂಕೇತ ಪದ್ಧತಿಯಲ್ಲೇ ಉಳಿಸಿ, ಅದನ್ನು ಸೂಚಿಸುವ ಮೆಟಾ ಟ್ಯಾಗನ್ನು ಮೊದಲ 1024 ಬೈಟ್‌ಗಳೊಳಗೆ ಇಡಿ.

ಪಟ್ಟಿ ಪದೇ ಪದೇ ಬೆಳೆಯುವುದಾದರೆ ಪ್ರತಿಸಲ ನಕಲು ಮಾಡುವುದು ಬೇಸರದ ಕೆಲಸ, ತಪ್ಪಿಗೂ ದಾರಿ. ಮಾಹಿತಿಯನ್ನು ಒಂದೇ ಫೈಲಿನಲ್ಲಿಟ್ಟು, ಹ್ಯೂಗೋ ಅಥವಾ ಇಲೆವೆಂಟಿಯಂತಹ, ಮಾಹಿತಿಯಿಂದ ಪುಟಗಳನ್ನು ಕಟ್ಟಿಕೊಡುವ ಸಾಧನದಿಂದ ಎಚ್‌ಟಿಎಂಎಲ್ ಸಿದ್ಧಪಡಿಸಿ, ಆಮೇಲೆ ಸರ್ವರ್‌ಗೆ ಏರಿಸಿ. ಬಿಟ್ಟುಹೋದ ಅಲ್ಪವಿರಾಮ ಆಗ ನಿಮ್ಮ ಕಂಪ್ಯೂಟರಿನಲ್ಲೇ ಸಿಕ್ಕಿಬೀಳುತ್ತದೆ. ಪುಸ್ತಕ ಈ ಕ್ಷಣ ಕಪಾಟಿನಲ್ಲಿದೆಯೇ ಎಂಬ ಮಾಹಿತಿಯೊಂದನ್ನು ಮಾತ್ರ ಸ್ಕ್ರಿಪ್ಟಿಗೆ ಬಿಡಿ, ಆ ಮನೆಯಲ್ಲಿ ಮೊದಲೇ ‘ವಿಚಾರಿಸಿ’ ಎಂದು ಬರೆದಿಡಿ.